ಗಾಜಿನ ಗುಂಡು ಬೆರೆತ ಬಿಳಿ ಗೆರೆ

ಹೆದ್ದಾರಿಗೆ ಬಿಳಿ ಪಟ್ಟೆ ಹಾಕುವವರ ಪಕ್ಕದಲ್ಲಿ ಒಮ್ಮೆ ನಿಂತಿದ್ದೆ. ಪುಡಿಯನ್ನು 200 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿ ಕರಗಿಸುತ್ತಾರೆ. ಆ ಪಾಕ ಕೈಗಾಡಿಯಿಂದ ಡಾಂಬರಿನ ಮೇಲೆ ಇಳಿಯುತ್ತಿದ್ದಂತೆ ಅದರ ಮೇಲೆ ಏನೋ ಉದುರುತ್ತದೆ. ಚಿಟಿಕೆಯಷ್ಟು ಅಂಗೈಗೆ ಹಾಕಿಸಿಕೊಂಡೆ. ನೋಡಲು ಸಣ್ಣ ಸಕ್ಕರೆ, ಆದರೆ ಕೈಯಲ್ಲಿ ನಿಲ್ಲದು, ಜಾರುತ್ತದೆ. ಒಂದೊಂದೂ ಮಿಲಿಮೀಟರಿಗಿಂತ ಚಿಕ್ಕ ಗಾಜಿನ ಗುಂಡು.

ರಾತ್ರಿ ಹೆಡ್‌ಲೈಟಿನ ಬೆಳಕು ಈ ಗುಂಡಿನೊಳಗೆ ಹೊಕ್ಕು ಬಾಗಿ, ತಳದ ಬಿಳಿ ಬಣ್ಣಕ್ಕೆ ತಾಗಿ, ಹೆಚ್ಚುಕಡಿಮೆ ಬಂದ ದಾರಿಯಲ್ಲೇ ಮರಳುತ್ತದೆ. ಬರೀ ಬಣ್ಣವಾಗಿದ್ದರೆ ಬೆಳಕು ಎಲ್ಲ ದಿಕ್ಕಿಗೂ ಚೆಲ್ಲಿಹೋಗುತ್ತಿತ್ತು. ಗುಂಡು ಅರ್ಧಕ್ಕಿಂತ ತುಸು ಹೆಚ್ಚು ಹೂತಿರಬೇಕು. ಪೂರ್ತಿ ಮುಳುಗಿದರೆ ಹೊಳೆಯದು, ಮೇಲೆಯೇ ಉಳಿದರೆ ಟೈರಿಗೆ ಕಿತ್ತುಬರುತ್ತದೆ. ಮಳೆನೀರಿನ ಪೊರೆ ಮುಚ್ಚಿದಾಗಲೂ ಹೊಳಪು ಸಾಯುತ್ತದೆ. ಅದಕ್ಕೇ ತಿರುವುಗಳಲ್ಲಿ ನೆಲದಿಂದ ಎದ್ದುನಿಲ್ಲುವ ರೋಡ್ ಸ್ಟಡ್‌ಗಳೂ ಬೇಕು.

ಗಂಟೆಗೆ 80 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಎದುರಿನ ಲಾರಿಯ ಬೆಳಕು ಕಣ್ಣಿಗೆ ರಾಚಿದಾಗ ಬೈಕಿನವನಿಗೆ ದಾರಿಯ ಅಂಚು ತೋರಿಸುವುದು ಆ ಗೆರೆಯೊಂದೇ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಚತುಷ್ಪಥ ಬರಲಿ, ಆಮೇಲೆ ನೋಡೋಣ ಎಂದು ಕಾಯುವುದು ನನಗೆ ಒಪ್ಪಿಗೆಯಿಲ್ಲ. ಊರ ನಡುವೆ ರಸ್ತೆ ಅಗಲವಾದರೆ ಮೊದಲು ಹೆಚ್ಚುವುದು ವೇಗ. ಇರುವ ರಸ್ತೆಯಲ್ಲೇ ಮಾಡಬಹುದಾದ್ದು ಬೇಕಷ್ಟಿದೆ. ಡಾಂಬರಿನ ಅಂಚಿನಿಂದ ಗೇಣುದ್ದ ಕೆಳಗಿಳಿದ ಮಣ್ಣಿಗೆ ಚಕ್ರ ಜಾರಿದರೆ ಸ್ಕೂಟರ್ ಮತ್ತೆ ಮೇಲೇರುವುದು ಕಷ್ಟ. ಅಲ್ಲಿಗೆ ಜಲ್ಲಿ ತುಂಬಿ ಇಳಿಜಾರು ಮಾಡಬೇಕು. ಮೋರಿಯ ಗೋಡೆಗೆ ಕಪ್ಪು-ಹಳದಿ ಪಟ್ಟೆ ಬಳಿಯಬೇಕು. ಘಾನಾದ ಅಕ್ರಾ–ಕುಮಾಸಿ ಹೆದ್ದಾರಿಯ ಸುಹುಮ್ ಕೂಡುರಸ್ತೆಯಲ್ಲಿ ಅಡ್ಡಡ್ಡಲಾಗಿ ಸಣ್ಣ ಉಬ್ಬುಪಟ್ಟಿಗಳನ್ನು ಹಾಕಿದ ಮೇಲೆ ಅಪಘಾತಗಳು ಸುಮಾರು 35 ಪ್ರತಿಶತ ಇಳಿದವು, ಸಾವುಗಳು ಅದಕ್ಕೂ ಹೆಚ್ಚು. ನಮ್ಮಲ್ಲೂ ಬೆಳಗಾವಿ–ಯರಗಟ್ಟಿ ರಸ್ತೆಯನ್ನು ವಿಶ್ವ ಬ್ಯಾಂಕಿನ ನೆರವಿನಲ್ಲಿ ಸುರಕ್ಷತೆಯ ಮಾದರಿಯಾಗಿ ಸುಧಾರಿಸಿದಾಗ ಸಾವುಗಳು ಅರ್ಧಕ್ಕಿಂತ ಹೆಚ್ಚು ತಗ್ಗಿದವು. ಅಲ್ಲಿ ಪೊಲೀಸರು ವೇಗದ ಮೇಲೂ ಕಣ್ಣಿಟ್ಟರು ಎನ್ನುವುದನ್ನು ಮರೆಯಬಾರದು.

ಎಡವಟ್ಟಾಗುವುದು ನಿಗಾದಲ್ಲಿ. ಭಾರಿ ಗಾಡಿಗಳ ಕೆಳಗೆ ಗೆರೆ ಕೆಲವೇ ವರ್ಷದಲ್ಲಿ ಸವೆಯುತ್ತದೆ, ಹೊಳಪು ಅದಕ್ಕೂ ಮೊದಲೇ ಹೋಗುತ್ತದೆ. ಹಗಲಲ್ಲಿ ಅದು ಗೊತ್ತೇ ಆಗುವುದಿಲ್ಲ, ಬೆಳ್ಳಗೇ ಕಾಣುತ್ತಿರುತ್ತದೆ. ಮಳೆಗಾಲಕ್ಕೆ ಮುಂಚೆ ಎಂಜಿನಿಯರು ಒಂದು ರಾತ್ರಿ ಜೀಪಿನಲ್ಲಿ ದೀಪ ಡಿಮ್ ಮಾಡಿಕೊಂಡು ತನ್ನ ರಸ್ತೆ ಸುತ್ತಿಬಂದರೆ ಸಾಕು, ಎಲ್ಲೆಲ್ಲಿ ಗೆರೆ ಸತ್ತಿದೆಯೆಂದು ಬರೆದುಕೊಳ್ಳಬಹುದು.