ಮನೆಯಲ್ಲೇ ರೇಡಿಯೋ ಭಾಷಣದ ಧ್ವನಿಮುದ್ರಣ



ಕೊಳೆರೋಗದ ಮದ್ದಿನ ಬಗ್ಗೆ ನಾನು ರೇಡಿಯೋದಲ್ಲಿ ಮಾತನಾಡಿದ್ದನ್ನು ಕೇಳಿದ ಕೆಲವರು, "ಮಂಗಳೂರಿಗೆ ಯಾವಾಗ ಹೋಗಿದ್ರಿ?" ಎಂದು ವಿಚಾರಿಸಿದರು. ನಾನು ಹೋಗಿರಲಿಲ್ಲ. ಬಿಜೂರಿನ ನಮ್ಮ ಮನೆಯಲ್ಲಿ, ಅಡಿಕೆ ಚೀಲ ಪೇರಿಸಿಟ್ಟ ಕೋಣೆಯಲ್ಲಿ ಕುಳಿತು ಮಾತನಾಡಿ ಕಳುಹಿಸಿದ್ದು. ಇದನ್ನು ಯಾವ ಸದಸ್ಯರೂ ಮಾಡಬಹುದಾದ್ದರಿಂದ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮಂಗಳೂರು ಆಕಾಶವಾಣಿ ನಿಲಯ ಆರಂಭವಾದದ್ದು 1976ರ ಡಿಸೆಂಬರ್ 11ರಂದು. ಆ ಕಾಲದಲ್ಲಿ ಹತ್ತು ನಿಮಿಷದ ಭಾಷಣಕ್ಕೆ ನಮ್ಮ ಕಡೆಯವರ ಒಂದು ಇಡೀ ದಿನ ಬಸ್ಸಿನಲ್ಲೇ ಕಳೆಯುತ್ತಿತ್ತು. ಕೊಯ್ಲಿನ ಸಮಯದಲ್ಲಿ ತೋಟ ಬಿಟ್ಟು ಹೋಗುವವರಾರು? ಹಾಗೆಂದು ಮನೆಯಿಂದ ಬಾನುಲಿ ಎಂಬುದು ಹೊಸ ಸಂಗತಿಯೇನೂ ಅಲ್ಲ. ಮೈಸೂರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪ್ರೇಷಕಯಂತ್ರ ಇಟ್ಟುಕೊಂಡು ಪ್ರಸಾರ ಪ್ರಾರಂಭಿಸಿದರು. ಅವರ ಆ ನಿಲಯದ 'ಆಕಾಶವಾಣಿ' ಎಂಬ ಹೆಸರನ್ನೇ ಮುಂದೆ ದೇಶದ ರೇಡಿಯೋ ಇಟ್ಟುಕೊಂಡಿತು.

ಮೊದಲು ನಿಲಯದವರನ್ನು ಸಂಪರ್ಕಿಸಿ ವಿಷಯ, ಅವಧಿ ಇವುಗಳನ್ನು ಗೊತ್ತುಮಾಡಿಕೊಳ್ಳಬೇಕು. ಆಮೇಲೆ ಬರೆದುಕೊಳ್ಳಿ. ನಿಮಿಷಕ್ಕೆ ಸುಮಾರು ನೂರು ಶಬ್ದವೆಂದು ಲೆಕ್ಕ ಹಿಡಿದರೆ ಸಾಕು. ಆದರೆ ಬರೆದದ್ದನ್ನು ಶಾಲೆಯ ಮಕ್ಕಳಂತೆ ಓದಬಾರದು. ಪಕ್ಕದ ತೋಟದವರಿಗೆ ಬೇಲಿಯಾಚೆಯಿಂದ ಹೇಳುವಂತೆ ಹೇಳಬೇಕು.

ಯಂತ್ರಕ್ಕಿಂತ ಕೋಣೆ ಮುಖ್ಯ. ಸಿಮೆಂಟ್ ಗೋಡೆಯ ಬರಿದಾದ ಕೋಣೆಯಲ್ಲಿ ನಮ್ಮ ಮಾತು ಗೋಡೆಗೆ ಬಡಿದು ತಿರುಗಿ ಬಂದು, ಬಾವಿಯೊಳಗಿಂದ ಮಾತನಾಡಿದ ಹಾಗೆ ಕೇಳುತ್ತದೆ. ಚೀಲ, ಹಾಸಿಗೆ, ಕಂಬಳಿ ತುಂಬಿದ ಕೋಣೆ ಆ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತದೆ. ನನಗೆ ಅಡಿಕೆ ಚೀಲ ಒದಗಿತು. ಘಟ್ಟದ ಮೇಲಿನ ನಮ್ಮ ಸದಸ್ಯರಿಗೆ ಕಾಫಿ ಚೀಲಗಳೇ ಆದೀತು. ಫ್ಯಾನು, ಫ್ರಿಜ್ಜು, ಪಂಪು ನಿಲ್ಲಿಸಿರಿ. ತಗಡಿನ ಮಾಡಿನ ಕೆಳಗೆ ಮಳೆಗಾಲದಲ್ಲಿ ಈ ಕೆಲಸ ಆಗದು. ನಮಗಿಲ್ಲಿ ಕೊಂಕಣ ರೈಲ್ವೆಯ ಗಾಡಿಗಳದೂ ಒಂದು ಉಪದ್ರ. ಗಾಡಿ ಬರುವ ಹೊತ್ತು ನೋಡಿಯೇ ಕೂರಬೇಕು.

ಒಳ್ಳೆಯ ಮೊಬೈಲ್ ಫೋನಿನಲ್ಲಿಯೇ ಮುದ್ರಿಸಬಹುದು. ಕೊರಳಪಟ್ಟಿಗೆ ಸಿಕ್ಕಿಸುವ ಸಣ್ಣ ಮೈಕು ಇದ್ದರೆ ಇನ್ನೂ ಉತ್ತಮ. ಫೋನನ್ನು ಕೈಯಲ್ಲಿ ಹಿಡಿಯದೆ ಮಡಚಿದ ಬಟ್ಟೆಯ ಮೇಲಿಟ್ಟು, ಬಾಯಿಯಿಂದ ಒಂದು ಗೇಣು ದೂರದಲ್ಲಿ, ನೇರ ಎದುರಿಗಲ್ಲದೆ ತುಸು ಓರೆಯಾಗಿರಿಸಿ. ನೇರವಿದ್ದರೆ ಪಕಾರ ಬಕಾರಗಳ ಗಾಳಿ ಮೈಕಿಗೆ ಗುದ್ದುತ್ತದೆ. ಕರೆಗಳು ಬಾರದಂತೆ ವಿಮಾನದ ಗುರುತನ್ನು ಒತ್ತಿಟ್ಟಿರಬೇಕು. ಧ್ವನಿಯ ಮಟ್ಟ ತೋರಿಸುವ ಪಟ್ಟಿಯಲ್ಲಿ ಸೊನ್ನೆಯೇ ಮೇಲಿನ ಗಡಿ. ಗಟ್ಟಿಯಾಗಿ ಹೇಳಿದಾಗಲೂ ಅದು ಸೊನ್ನೆಗಿಂತ 6 ಡೆಸಿಬಲ್ ಕೆಳಗೇ ನಿಲ್ಲಲಿ. ಗಡಿ ಮುಟ್ಟಿ ಒಡೆದ ಧ್ವನಿಯನ್ನು ಸರಿಪಡಿಸುವುದು ಕಷ್ಟ. ಮಾತು ಮುಗಿದ ಮೇಲೆ ಅರ್ಧ ನಿಮಿಷ ಸುಮ್ಮನೆ ಕುಳಿತು ಕೋಣೆಯ ಮೌನವನ್ನೂ ಮುದ್ರಿಸಿಕೊಳ್ಳಿ. ಅದರ ಉಪಯೋಗ ಮುಂದೆ ಇದೆ.

ಇನ್ನು ಸಂಕಲನ. ಹಿಂದೆ ನಿಲಯಗಳಲ್ಲಿ ಟೇಪು ಸೆಕೆಂಡಿಗೆ ಏಳೂವರೆ ಅಂಗುಲ, ಎಂದರೆ ಸುಮಾರು 19 ಸೆಂಟಿಮೀಟರು ಓಡುತ್ತಿತ್ತು. ಒಂದು ಕೆಮ್ಮು ತೆಗೆಯಬೇಕಾದರೆ ಅಷ್ಟುದ್ದದ ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದು, ತುದಿಗಳನ್ನು ಕೂಡಿಸಿ ಅಂಟುಪಟ್ಟಿ ಹಚ್ಚುತ್ತಿದ್ದರು. ಈಗ 'ಆಡಾಸಿಟಿ'ಯಂಥ, ಹಣ ಕೊಡಬೇಕಿಲ್ಲದ ತಂತ್ರಾಂಶದಲ್ಲಿ ಧ್ವನಿಯು ಕಂಪ್ಯೂಟರಿನ ಪರದೆಯ ಮೇಲೆ ಅಲೆಯಾಗಿ ಕಾಣುತ್ತದೆ. ಬೇಡದ ಭಾಗವನ್ನು ಗುರುತಿಸಿ ಅಳಿಸಿದರಾಯಿತು. ಶಬ್ದಗಳ ನಡುವಿನ ಮೌನದಲ್ಲಿ ಕತ್ತರಿಸಬೇಕೇ ಹೊರತು ಶಬ್ದದ ಮಧ್ಯೆ ಅಲ್ಲ. ತುಂಡುಗಳ ನಡುವೆ ತೆರವಾದಲ್ಲಿ ಮೊದಲೇ ಮುದ್ರಿಸಿದ ಕೋಣೆಯ ಮೌನವನ್ನು ಇಟ್ಟರೆ ಜೋಡಣೆ ಗೊತ್ತಾಗುವುದಿಲ್ಲ. ಅದೇ ಮೌನವನ್ನು ಮಾದರಿಯಾಗಿ ಕೊಟ್ಟು ಹಿನ್ನೆಲೆಯ ಗುಂಯ್‌ಗುಡುವಿಕೆಯನ್ನೂ ಇಳಿಸಬಹುದು. ಅತಿಯಾದರೆ ಮಾತ್ರ ನೀರೊಳಗಿಂದ ಮಾತನಾಡಿದಂತಾಗುವುದು. ಎಲ್ಲ ಉಸಿರು, ಎಲ್ಲ ತಡವರಿಕೆ ತೆಗೆಯಲು ಹೋಗಬೇಡಿರಿ. ನಾನು ಒಮ್ಮೆ ಹಾಗೆ ಮಾಡಿ, ನನ್ನ ದನಿ ನನಗೇ ಗುರುತು ಹತ್ತದೆ ಹೋಯಿತು.

ಕತ್ತರಿಸುವುದು ಇಷ್ಟು ಸುಲಭವಾದ್ದರಿಂದಲೇ ಅಪಾಯವೂ ಇದೆ. ಬೋರ್ಡೋ ದ್ರಾವಣದ ಕ್ರಮ ನಿಮಗೆ ಗೊತ್ತು: ಶೇಕಡಾ 1ರ ದ್ರಾವಣದ 100 ಲೀಟರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಭಾಷಣದಲ್ಲಿ ನಾನು ಬಾಯಿತಪ್ಪಿ ಸುಣ್ಣದ ನೀರನ್ನು ತುತ್ತದ ನೀರಿಗೆ ಹೊಯ್ಯಿರಿ ಎಂದೆ. ಕೂಡಲೇ ತಿದ್ದಿ ಸರಿಯಾಗಿ ಇನ್ನೊಮ್ಮೆ ಹೇಳಿದೆ. ಆದರೆ ತಿದ್ದಿದ ಆ ವಾಕ್ಯದ ಮೇಲೆ ಸರಿಯಾಗಿ ರೈಲಿನ ಸೀಟಿ ಬಿತ್ತು. ರಾತ್ರಿ ಸಂಕಲನಕ್ಕೆ ಕುಳಿತವನು ಸೀಟಿಯಿದ್ದ ಭಾಗವನ್ನು ಅಳಿಸಿದೆ. ತಪ್ಪಾದ ವಾಕ್ಯ ಸ್ವಚ್ಛವಾಗಿ ಉಳಿಯಿತು! ನಾಲ್ಕು ಸಲ ಕೇಳಿದರೂ ನನ್ನ ಕಿವಿಗೆ ಅದು ಬೀಳಲಿಲ್ಲ, ಏಕೆಂದರೆ ನಾನು ಕೇಳುತ್ತಿದ್ದುದು ಸೀಟಿ ಹೋಯಿತೇ ಎಂದು ಮಾತ್ರ. ಬೆಳಿಗ್ಗೆ ಮನೆಯಾಕೆ ಕೇಳಿ, "ಇದೆಂತ, ಉಲ್ಟಾ ಹೇಳಿದ್ರಿ ಅಲ್ದಾ?" ಎಂದಳು. ಹಾಗೆ ತಿರುವುಮುರುವಾಗಿ ಬೆರೆಸಿದ ಮದ್ದು ದಪ್ಪ ಗಸಿಯಾಗಿ ತಳಕ್ಕಿಳಿಯುತ್ತದೆ. ಗೊನೆಗೆ ಸರಿಯಾಗಿ ಹಿಡಿಯದೆ ಮಳೆಗೆ ತೊಳೆದುಹೋಗುತ್ತದೆ. ಆಟಿಯ ಮಳೆಯಲ್ಲಿ ಎಷ್ಟು ಜನರ ಫಸಲು ನನ್ನ ಮಾತನ್ನು ನಂಬಿ ಉದುರುತ್ತಿತ್ತೋ! ಆ ವಾಕ್ಯವನ್ನು ಹೊಸದಾಗಿ ಮುದ್ರಿಸಿ ಸೇರಿಸಿದೆ.

ಆದಕಾರಣ ಮದ್ದಿನ ಪ್ರಮಾಣ, ಕ್ರಮ, ತಿಂಗಳು ಇವು ಬರುವ ವಾಕ್ಯ ಕೆಟ್ಟರೆ ಕತ್ತರಿಸಿ ಜೋಡಿಸದೆ, ಇಡೀ ವಾಕ್ಯವನ್ನೇ ಪುನಃ ಹೇಳಿ ಮುದ್ರಿಸಿರಿ. ಸಂಕಲನವಾದ ಮೇಲೆ, ಮುದ್ರಿಸುವಾಗ ಅಲ್ಲಿರದಿದ್ದ, ತೋಟದ ಕೆಲಸ ಬಲ್ಲ ಒಬ್ಬರಿಗೆ ಕೇಳಿಸಿರಿ.

ಕಳುಹಿಸುವಾಗ ನಿಲಯದವರು ಬೇರೆ ಹೇಳದಿದ್ದಲ್ಲಿ 'ವೇವ್' ರೂಪದಲ್ಲಿ, 44,100ರ ಮಾದರಿ ದರದಲ್ಲಿ, ಒಂಟಿ ಪಥದ ಕಡತವಾಗಿ ಉಳಿಸಿರಿ. ನಿಮಿಷಕ್ಕೆ ಐದು ಎಂಬಿಯಷ್ಟಾಗುತ್ತದೆ. ವಾಟ್ಸಾಪಿನಲ್ಲಿ ಧ್ವನಿಸಂದೇಶವಾಗಿ ಕಳುಹಿಸಿದರೆ ಅದು ಧ್ವನಿಯನ್ನು ಹಿಂಡಿ ಸಣ್ಣದು ಮಾಡುವುದರಿಂದ, ದಾಖಲೆಯಾಗಿ ಅಥವಾ ಮಿಂಚಂಚೆಯ ಮೂಲಕವೇ ಕಳುಹಿಸತಕ್ಕದ್ದು. ಕತ್ತರಿಸದ ಮೂಲ ಮುದ್ರಣವನ್ನು ಪ್ರಸಾರವಾಗುವ ತನಕ ಅಳಿಸಬೇಡಿರಿ.

— ಕಾರ್ಯದರ್ಶಿ