ಕೌಂಟ್ ಇಂಜೆಕ್ಷನ್ ಟಾನಿಕ್ ಅಲ್ಲ

ಕೀಮೋ ಮುಗಿದ ಮರುದಿನ ಹೊಟ್ಟೆಗೋ ತೋಳಿಗೋ ಚುಚ್ಚುವ ಆ ಪುಟ್ಟ ಸೂಜಿಗೆ ವಾರ್ಡಿನಲ್ಲಿ ಎಲ್ಲರೂ ಹೇಳುವ ಹೆಸರು ‘ಕೌಂಟ್ ಇಂಜೆಕ್ಷನ್’. ಫಿಲ್‌ಗ್ರಾಸ್ಟಿಮ್, ಪೆಗ್‌ಫಿಲ್‌ಗ್ರಾಸ್ಟಿಮ್ ಎಂಬ ನಿಜವಾದ ಹೆಸರುಗಳು ಬಿಲ್ಲಿನಲ್ಲೇ ಉಳಿದುಬಿಡುತ್ತವೆ.

ತಪ್ಪು ಕಲ್ಪನೆ: ಅದು ಶಕ್ತಿಯ ಸೂಜಿ. ಅಡ್ಡಪರಿಣಾಮವೆಲ್ಲ ಕೀಮೋದ್ದು.

ಸತ್ಯ: ಇದರಿಂದ ಶಕ್ತಿ ಬರುವುದಿಲ್ಲ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಬೇಗ ಬೇಗ ತಯಾರಿಸುವಂತೆ ಮೂಳೆಮಜ್ಜೆಯನ್ನು ಹುರಿದುಂಬಿಸುವುದಷ್ಟೇ ಇದರ ಕೆಲಸ. ಅಮೆರಿಕದಲ್ಲಿ 1991ರಲ್ಲಿ ಮೊದಲ ಬಾರಿ ಒಪ್ಪಿಗೆ ಪಡೆದ ಈ ಮದ್ದು, ಕೌಂಟ್ (ಈ ಕಣಗಳ ಸಂಖ್ಯೆ) ಬಿದ್ದಾಗ ಎರಗುವ ಸೋಂಕಿನಿಂದ ಎಷ್ಟೋ ಜನರನ್ನು ಕಾಪಾಡಿದೆ. ಮಜ್ಜೆ ಹೀಗೆ ಬಿಡುವಿಲ್ಲದೆ ದುಡಿಯುವುದರಿಂದ ಸೊಂಟ, ಬೆನ್ನಿನ ಮೂಳೆ ನೋಯುವುದು ಸಾಮಾನ್ಯ. ಅಪರೂಪಕ್ಕೆ ಹೃದಯದಿಂದ ಹೊರಡುವ ಮಹಾಪಧಮನಿ ಮತ್ತು ಅದರ ದೊಡ್ಡ ಕವಲುಗಳ ಗೋಡೆಗೆ ಉರಿಯೂತ ಬರುತ್ತದೆ. ಇದೇ ಅಯೋರ್ಟೈಟಿಸ್. 2018ರ ಹೊತ್ತಿಗೆ ಜಪಾನ್, ಯುರೋಪುಗಳಲ್ಲಿ ಈ ಮದ್ದಿನ ಮಾಹಿತಿಪತ್ರಕ್ಕೆ ಇದರ ಎಚ್ಚರಿಕೆ ಸೇರಿತು.

ತಪ್ಪು ಕಲ್ಪನೆ: ಕೀಮೋ ಆದಮೇಲೆ ಜ್ವರ ಬಂದರೆ ಅದು ಸೋಂಕೇ.

ಸತ್ಯ: ಮೊದಲು ಹಾಗೆಂದೇ ಭಾವಿಸಬೇಕು. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು, ಆಂಟಿಬಯೋಟಿಕ್ ಶುರುವಾಗಬೇಕು. ತೊಡಕಿರುವುದು ಅದರ ಮುಂದೆ. ಕೌಂಟ್ ಏರಿದೆ, ರಕ್ತದ ಕಲ್ಚರಿನಲ್ಲಿ ಏನೂ ಬೆಳೆದಿಲ್ಲ, ಆದರೂ ಜ್ವರ ಇಳಿಯುತ್ತಿಲ್ಲ, ಉರಿಯೂತವನ್ನು ತೋರಿಸುವ ಸಿಆರ್‌ಪಿ ಏರುತ್ತಲೇ ಇದೆ, ಕುತ್ತಿಗೆಯೋ ಎದೆಯೋ ಹೊಟ್ಟೆಯೋ ಬೆನ್ನೋ ನೋಯುತ್ತಿದೆ. ಆಗಲೂ ಆಂಟಿಬಯೋಟಿಕ್ ಬದಲಿಸುತ್ತ ಕೂತರೆ ದಿನಗಳು ಸುಮ್ಮನೆ ಕಳೆದುಹೋಗುತ್ತವೆ. ಕಾಂಟ್ರಾಸ್ಟ್ ಹಾಕಿ ತೆಗೆದ ಸಿ.ಟಿ. ಸ್ಕ್ಯಾನಿನಲ್ಲಿ ದಪ್ಪಗಾದ ರಕ್ತನಾಳದ ಗೋಡೆ ಕಾಣಬಹುದು. ಸೂಜಿ ಶುರುವಾದ ಮೊದಲ ವಾರದಲ್ಲೇ ಅಯೋರ್ಟೈಟಿಸ್ ತಲೆದೋರಬಹುದು. ಹಾಗಾಗಿ ಜ್ವರದ ಜೊತೆ ಬಂದ ಬೆನ್ನುನೋವನ್ನು ‘ಸೂಜಿಯ ಮೂಳೆನೋವು’ ಎಂದು ತಳ್ಳಿಹಾಕಬೇಡಿ.

ತಪ್ಪು ಕಲ್ಪನೆ: ಡ್ರಿಪ್ ಹಾಕಿದ ಕೈಯಲ್ಲಿ ‘ನರ ಉರಿಯುವುದೂ’ ಅಯೋರ್ಟೈಟಿಸ್ಸೇ.

ಸತ್ಯ: ಅಲ್ಲ. ನಾವು ಆಡುಮಾತಿನಲ್ಲಿ ರಕ್ತನಾಳಕ್ಕೂ ನರ ಅನ್ನುತ್ತೇವೆ, ಗೊಂದಲ ಅಲ್ಲಿಂದಲೇ ಶುರು. ಕೀಮೋ ಮದ್ದು ತಾಗಿ ಕೈಯ ಸಿರೆ ಕಪ್ಪಾಗಿ ಉರಿಯುವುದು ಆ ಜಾಗಕ್ಕಷ್ಟೇ ಸೀಮಿತ. ಅಯೋರ್ಟೈಟಿಸ್ ಎದೆ, ಹೊಟ್ಟೆಯೊಳಗಿನ ದೊಡ್ಡ ನಾಳದ್ದು, ಹೊರಗೆ ಕಾಣುವಂಥದ್ದಲ್ಲ.

ಅಗ್ಗದ ದೇಶಿ ಮದ್ದಿನಿಂದ ಅಯೋರ್ಟೈಟಿಸ್ ಬರುತ್ತದೆ ಎಂಬ ಮಾತೂ ಉಂಟು. ಬ್ರ್ಯಾಂಡ್ ಯಾವುದಾದರೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಬೆಂಗಳೂರಿನ ಬಯೋಕಾನ್ ಕಂಪನಿಯ ಪಾಲುದಾರಿಕೆಯಲ್ಲಿ ರೂಪಿಸಿದ ಪೆಗ್‌ಫಿಲ್‌ಗ್ರಾಸ್ಟಿಮ್‌ಗೆ 2018ರಲ್ಲಿ ಅಮೆರಿಕವೇ ಒಪ್ಪಿಗೆ ಕೊಟ್ಟಿದೆ.

ತಪ್ಪು ಕಲ್ಪನೆ: ಹಾಗಿದ್ದರೆ ಸೂಜಿಯೇ ಬೇಡ, ಪಪ್ಪಾಯಿ ಎಲೆಯ ರಸ ಸಾಕು.

ಸತ್ಯ: ಇದು ಎಲ್ಲಕ್ಕಿಂತ ಅಪಾಯದ ನಂಬಿಕೆ. ಕೀಮೋದಿಂದ ಕುಸಿದ ನ್ಯೂಟ್ರೋಫಿಲ್‌ಗಳನ್ನು ಎಲೆಯ ರಸ ಎತ್ತಿಹಿಡಿಯುವುದಿಲ್ಲ. ಅಯೋರ್ಟೈಟಿಸ್ ಅಪರೂಪ, ಕೌಂಟ್ ಬಿದ್ದಾಗಿನ ಸೋಂಕು ಹಾಗಲ್ಲ. ಉರಿಯೂತ ಕಂಡರೆ ಈ ಮದ್ದು ನಿಲ್ಲಿಸುತ್ತಾರೆ, ಬೇಕಿದ್ದರೆ ಸ್ಟಿರಾಯ್ಡ್ ಕೊಡುತ್ತಾರೆ. ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಗಮನಿಸದೆ ಬಿಟ್ಟರೆ ಮಾತ್ರ ನಾಳ ಉಬ್ಬುವ, ಸೀಳುವ ಭಯವಿದೆ.

ಕೀಮೋ ಫೈಲಿನ ಮೊದಲ ಪುಟದಲ್ಲೇ ಸೂಜಿಯ ಹೆಸರು, ಹಾಕಿಸಿಕೊಂಡ ತಾರೀಖು ಬರೆದಿಡಿ. ಜ್ವರ ಬಂದ ರಾತ್ರಿ ಡ್ಯೂಟಿ ಡಾಕ್ಟರಿಗೆ ಅದನ್ನು ತೋರಿಸಿ.