ಬೈರಿಗೆಗೆ ದಾರಿ ತೋರುವ ಮರದ ತುಂಡು

ಕಾಲುಗಳು ಹೊರಕ್ಕೆ ಚಾಚಿದ ಸ್ಟೂಲೊಂದನ್ನು ನೀವೇ ಮಾಡಹೊರಟಿರೆಂದು ಭಾವಿಸೋಣ. ಹಲಗೆ ಒಳ್ಳೆಯದು, ಕಾಲುಗಳೂ ನುಣುಪಾಗಿವೆ. ಆದರೆ ನಾಲ್ಕು ರಂಧ್ರಗಳೂ ಒಂದೇ ಓರೆಗೆ ಬಾರದಿದ್ದರೆ ಶ್ರಮವೆಲ್ಲ ವ್ಯರ್ಥ. 450 ಮಿಲಿಮೀಟರ್ ಎತ್ತರದ ಸ್ಟೂಲಿನಲ್ಲಿ 15 ಡಿಗ್ರಿಯ ಓರೆ 18 ಆಯಿತೆಂದರೆ, ಕಾಲಿನ ತುದಿ ಸುಮಾರು 25 ಮಿಲಿಮೀಟರಿನಷ್ಟು ಆಚೆ ಹೋಗಿಬಿಡುತ್ತದೆ.

ಕೈ ಪಳಗಿದ ಬಡಗಿಗೂ ಇದು ತೊಡಕಿನ ಕೆಲಸವೇ. ಓರೆಯಾಗಿ ಹಿಡಿದ ಬೈರಿಗೆಯ ಒಂದು ಅಂಚು ಮೊದಲು ಮರವನ್ನು ಮುಟ್ಟುವುದರಿಂದ ಮೊನೆ ಪಕ್ಕಕ್ಕೆ ಜಾರುತ್ತದೆ. ಇದಕ್ಕೆ ಉಪಾಯ ಸುಲಭ. ಗಟ್ಟಿ ಮರದ ದಪ್ಪ ತುಂಡೊಂದರಲ್ಲಿ ಮೊದಲು ನೆಟ್ಟಗೆ ರಂಧ್ರ ಕೊರೆಯಿರಿ. ಬಳಿಕ ಅದರ ತಳವನ್ನು ಓರೆಯಾಗಿ ಕೊಯ್ಯಿರಿ. ಕೋನಮಾಪಕ ಇಲ್ಲವೆ? ಚಿಂತೆಯಿಲ್ಲ. ತುಂಡಿನ ಪಕ್ಕದಲ್ಲಿ ರಂಧ್ರಕ್ಕೆ ಅಡ್ಡಲಾಗಿ 100 ಮಿಲಿಮೀಟರ್, ಆ ತುದಿಯಿಂದ ರಂಧ್ರದ ದಿಕ್ಕಿಗೆ 27 ಮಿಲಿಮೀಟರ್ ಅಳೆದು, ಮೊದಲಿಗೂ ಕೊನೆಗೂ ಗೆರೆ ಎಳೆದರೆ 15 ಡಿಗ್ರಿ ಬಂದಂತೆಯೇ.

ಇನ್ನು ಹಲಗೆಯನ್ನು ಕವುಚಿ ಹಾಕಿ, ನಡುವಿನಿಂದ ಪ್ರತಿ ಕಾಲಿನ ಗುರುತಿಗೂ ಗೆರೆ ಎಳೆಯಿರಿ. ತುಂಡು ಆ ಗೆರೆಯ ಗುಂಟ ಹೊರಕ್ಕೆ ವಾಲಿರುವಂತೆ ಕೂರಿಸಿ, ಕ್ಲಾಂಪಿನಿಂದ ಬಿಗಿಯಿರಿ. ಹಲಗೆಯ ಅಡಿಗೆ ಹಳೆಯ ಮರವನ್ನಿಟ್ಟರೆ ಬೈರಿಗೆ ಹೊರಬೀಳುವಾಗ ಸಿಬಿರು ಏಳದು. ಮೊದಲು ಬೇಡದ ಹಲಗೆಯೊಂದರ ಮೇಲೆ ಪರೀಕ್ಷೆ ಮಾಡಿ ನೋಡುವುದು ಲೇಸು.

ಬಳಸಿದಂತೆ ತುಂಡಿನ ರಂಧ್ರ ಸವೆದು ಸಡಿಲವಾಗುತ್ತದೆ. ಆಗ ಹೊಸದನ್ನು ಮಾಡಿಕೊಳ್ಳಿ. ಚೂರು ಮರಕ್ಕೆ ಮರುಗಿ ಇಡೀ ಹಲಗೆಯನ್ನು ಕೆಡಿಸಿಕೊಳ್ಳುವುದು ಜಾಣತನವಲ್ಲ.